ಸೇವಾ ಶಿಬಿರದಲ್ಲಿ ಜೊತೆಯವರ ಉದಾರತೆ: ಅದನ್ನ ನೋವಾಗದಂತೆ, ಪೋಲಾಗದಂತೆ ನಡೆಸೋದು ಹೇಗೆ?

ಸಂಜೆಗಂಟೆ
ಎಲ್ಲರಿಗೂ ವಂದನೆ. ಬೆಂಗಳೂರಿನ ನಮ್ಮ ಕ್ರೈಸ್ತ ಸಭೆಯಿಂದ (ಚರ್ಚ್) ಡಿಸೆಂಬರ್‌ನಲ್ಲಿ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೂರು ದಿನದ ಸೇವಾ ಶಿಬಿರ ಇದೆ. ಕಣ್ಣು, ಬಿಪಿ, ಶುಗರ್ ತಪಾಸಣೆ, ಜೊತೆಗೆ ಓದೋ ಕನ್ನಡಕ ಹಂಚಿಕೆ. ಹೊರಡುವವರು 30 ಜನ, ತಲಾ ಖರ್ಚು ಸುಮಾರು 2,200 ರೂಪಾಯಿ ಬೀಳುತ್ತೆ.

ತಂಡದ ಉದಾರತೆ ನೋಡಿ ನಿಜಕ್ಕೂ ಮನಸ್ಸು ತುಂಬಿ ಬಂದಿದೆ. ಒಬ್ಬ ನರ್ಸ್ ತನ್ನ ಗಳಿಕೆ ರಜೆಯನ್ನೇ ಇದಕ್ಕೆ ಹಾಕಿದ್ದಾರೆ. ವ್ಯಾನ್ ಇರುವವರು ಡೀಸೆಲ್ ಮಾತ್ರ ಕೊಡಿ ಸಾಕು ಅಂದಿದ್ದಾರೆ. ಹಾಸ್ಟೆಲ್ ಹುಡುಗರಿಬ್ಬರು ಕೈಖರ್ಚಿನ ದುಡ್ಡು ಉಳಿಸಿ ಇನ್ನೊಬ್ಬರ ಪಾಲು ಕಟ್ಟಿದ್ದಾರೆ. ಇವರನ್ನ ನೋಡಿ ಉಳಿದವರಿಗೂ ಹುರುಪು.

ಆದರೆ ಇದೇ ಹೊತ್ತಿಗೆ ತೊಡಕೂ ಶುರುವಾಗಿದೆ. ಯಾರೋ ವಾಟ್ಸಾಪ್ ಗುಂಪಿನಲ್ಲಿ ಯಾರ್ಯಾರು ಎಷ್ಟೆಷ್ಟು ಕೊಟ್ಟರು ಅನ್ನೋ ಪಟ್ಟಿ ಹಾಕಿದರು, ಮಾರನೇ ದಿನವೇ ಇಬ್ಬರು "ನಮಗಾಗಲ್ಲ" ಅಂತ ಹಿಂದೆ ಸರಿದರು. ಒಬ್ಬರು ಯಾರನ್ನೂ ಕೇಳದೆ 60 ಕಂಬಳಿ ಕೊಳ್ಳೋಕೆ ಹೊರಟಿದ್ದಾರೆ. ಇನ್ನೊಬ್ಬರು ಮನೆಮನೆಯಿಂದ ಮಿಕ್ಕಿದ ಮಾತ್ರೆ ಒಟ್ಟು ಮಾಡ್ತಿದ್ದಾರೆ. ಎಲ್ಲರ ಮನಸ್ಸೂ ಒಳ್ಳೆಯದೇ. ಅನುಭವ ಇರುವವರು ಹೇಳಿ, ಇದನ್ನ ಹೇಗೆ ಸರಿಯಾದ ದಾರಿಗೆ ತರೋದು?

ತುಂಗೆತೀರ
ಮೊದಲು ಆ ಪಟ್ಟಿ ಅಳಿಸಿ. ಉಳಿದದ್ದು ಆಮೇಲೆ.

ಲೆಕ್ಕದಪುಸ್ತಕ
ಲಕೋಟೆ ಪದ್ಧತಿ ಮಾಡಿ, ತುಂಬ ಸುಲಭ. ತಂಡಕ್ಕೆ ಮೂರು ಅಂಕಿ ಹೇಳಿ: ಒಬ್ಬರಿಗೆ ತಗಲುವ ನಿಜವಾದ ಖರ್ಚು (2,200), ಒಟ್ಟು ಬೇಕಾದದ್ದು (66,000), ಈಗ ಕೈಯಲ್ಲಿರೋದು. 30 ಜನರಿಗೂ ಒಂದೇ ಅಳತೆಯ, ಹೆಸರಿಲ್ಲದ ಲಕೋಟೆ ಕೊಡಿ. ಎಲ್ಲರೂ ಲಕೋಟೆ ಹಾಕಲೇಬೇಕು, ಒಳಗೆ 5,000 ಇರಲಿ, 200 ಇರಲಿ, ಖಾಲಿ ಇರಲಿ. ಹಾಕದವರು ಯಾರು ಅಂತ ಕಾಣೋ ಹಾಗಿಲ್ಲ, ಅದೇ ಇದರ ಮುಖ್ಯ ಅಂಶ. ಕಡಿಮೆ ಬಿದ್ದರೆ "ಇನ್ನೂ 9,000 ಬೇಕು" ಅಂತ ಮೊತ್ತ ಮಾತ್ರ ಹೇಳಿ ಎರಡನೇ ಸುತ್ತು ಮಾಡಿ.

ಎಣಿಸುವಾಗ ಸಂಬಂಧಿಕರಲ್ಲದ ಇಬ್ಬರು ಕೂತು ಎಣಿಸಿ, ಇಬ್ಬರೂ ಸಹಿ ಹಾಕಿ, ಅದೇ ದಿನ ಸಭೆಯ ಬ್ಯಾಂಕ್ ಖಾತೆಗೆ ಕಟ್ಟಿ. ಬೈಬಲ್‌ನಲ್ಲಿ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ಪೌಲ ಕಾಣಿಕೆ ಒಯ್ಯೋಕೆ ತನ್ನ ಜೊತೆಗಾರ ತೀತನ ಜೊತೆ ಸಭೆಗಳು ಆರಿಸಿದ ಬೇರೆ ಸಹೋದರರನ್ನೂ ಕಳಿಸ್ತಾನೆ, ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದು ಅಂತ. ಲೆಕ್ಕ ಇಡೋದು ನಂಬಿಕೆ ಕಡಿಮೆಯಾದ ಲಕ್ಷಣ ಅಲ್ಲ.

ತೆರಿಗೆ ವಿನಾಯಿತಿ ಕೇಳುವವರು ಲಕೋಟೆಗೆ ಹಾಕೋದು ಬೇಡ. 80ಜಿ ನೋಂದಣಿ ಇರುವ ಟ್ರಸ್ಟ್‌ಗೆ ಚೆಕ್ ಅಥವಾ ಯುಪಿಐ ಮೂಲಕ ಕೊಡಲಿ. ನಗದಾಗಿ 2,000 ರೂ. ಮೀರಿದರೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಜಿ ಸಿಗೋದೇ ಇಲ್ಲ.

ಕಂಕನಾಡಿಗಾಳಿ
ಲಕೋಟೆ ವಿಷಯ ನೂರಕ್ಕೆ ನೂರು ಸರಿ. ಕಥೋಲಿಕರಲ್ಲಿ ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ಡಿ ಪಾಲ್ ಸಭೆ ಇದೆಯಲ್ಲ, 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜಾನಾಮ್ ಮತ್ತು ಗೆಳೆಯರು ಶುರು ಮಾಡಿದ್ದು, ಅದರ ಪ್ರತಿ ಕೂಟದಲ್ಲೂ ಗುಪ್ತ ಕಾಣಿಕೆ ಅಂತ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತೆ. ಎಲ್ಲರೂ ಮುಷ್ಟಿ ಮುಚ್ಚಿ ಚೀಲದೊಳಗೆ ಕೈ ಹಾಕ್ತಾರೆ. ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ ಪಕ್ಕದವರಿಗೂ ತಿಳಿಯಲ್ಲ. ಕೆಲಸ ಇಲ್ಲದವರೂ ಸಂಕೋಚ ಇಲ್ಲದೆ ಕೂರಬಹುದು. ಇದು ಇವತ್ತಿಗೂ ನಡೀತಾ ಇದೆ.

ಬೆಟಗೇರಿಬಯಲು
ನಾ ಸ್ವಲ್ಪ ಬ್ಯಾರೆ ಹೇಳ್ತೀನ್ರಿ. ಪೂರ್ತಿ ಮುಚ್ಚಿಟ್ರ ಯಾರಿಗೂ ಸ್ಫೂರ್ತಿ ಬರೂದಿಲ್ಲ. ಅದೇ 8ನೇ ಅಧ್ಯಾಯದ ಶುರುವಿನಾಗ ಪೌಲನೇ ಮಕೆದೋನ್ಯದ ಸಭೆಗಳ ಕಥಿ ಕೊರಿಂಥದವರಿಗೆ ಹೇಳಿ ಹುರಿದುಂಬಿಸ್ತಾನ. ಕಡುಬಡತನದಾಗಿದ್ರೂ ಹೆಂಗ ಕೊಟ್ಟರು, ಕೊಡಾಕ ಅವಕಾಶ ಕೊಡ್ರಿ ಅಂತ ಹೆಂಗ ಬೇಡಿಕೊಂಡರು ಅಂತ. ಒಳ್ಳೇದು ಕಂಡ್ರ ಬಾಯಿ ಬಿಟ್ಟು ಹೇಳೂದು ತಪ್ಪಲ್ಲ.

ತುಂಗೆತೀರ
@ಬೆಟಗೇರಿಬಯಲು ಹೇಳೋದು ತಪ್ಪಲ್ಲ, ಹೇಗೆ ಹೇಳ್ತೀವಿ ಅನ್ನೋದು ಮುಖ್ಯ. ಪೌಲ ಹೇಳಿದ್ದು ಸಭೆಗಳ ಹೆಸರು, ಇಂಥವನು ಇಷ್ಟು ಕೊಟ್ಟ ಅನ್ನೋ ಪಟ್ಟಿ ಅಲ್ಲ. 12ನೇ ವಚನದಲ್ಲೇ ಮನಸ್ಸಿದ್ದರೆ ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ಮೆಚ್ಚಿಗೆ, ಇಲ್ಲದ್ದನ್ನ ಯಾರೂ ಕೇಳಲ್ಲ ಅಂತಾನೆ. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದ ವಿಧವೆಯ ಎರಡು ಕಾಸನ್ನ ಯೇಸು ಶಿಷ್ಯರಿಗೆ ತೋರಿಸ್ತಾನೆ ನಿಜ, ಆದರೆ ಅವಳ ಹೆಸರು ನಮಗೆ ಇವತ್ತಿಗೂ ಗೊತ್ತಿಲ್ಲ.

ಬೆಟಗೇರಿಬಯಲು
ಒಪ್ಪಿದೆ. ಹಂಗಾದ್ರ ರೊಕ್ಕದ ಮಾತು ಬಿಟ್ಟು ಕೆಲಸದ ಮಾತು ಹೇಳ್ರಿ. ಸಂಜಿ ಪ್ರಾರ್ಥನಿ ಮುಗಿದ ಮ್ಯಾಲೆ ಐದು ನಿಮಿಷ, "ಇವತ್ತ ಯಾರ ಯಾವ ಕೆಲಸ ನಿಮ್ಮ ಕಣ್ಣಿಗೆ ಬಿತ್ತು?" ಅಂತ ಕೇಳ್ರಿ. ಒಬ್ಬರು ಇನ್ನೊಬ್ಬರ ಬಗ್ಗೆ ಮಾತ್ರ ಹೇಳಬೇಕು. ರೊಕ್ಕ, ಸಾಮಾನಿನ ಸುದ್ದಿ ಬ್ಯಾಡ. ಪಾತ್ರೆ ತೊಳದವ, ಅಜ್ಜಿಗೆ ಕೈಹಿಡಿದು ಶೌಚಾಲಯಕ್ಕ ಕರಕೊಂಡು ಹ್ವಾದವಳು, ಇಂಥಾವು ಆಗ ಹೊರಗ ಬರ್ತಾವ.

ಪಿನ್‌ಹೋಲ್
ಉದಾರತೆ ಎಲ್ಲಿ ಪೋಲಾಗುತ್ತೆ ಅನ್ನೋದನ್ನ ಕಣ್ಣಿನ ಶಿಬಿರದ ಲೆಕ್ಕದಲ್ಲೇ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಓದೋ ಕನ್ನಡಕ ದಾನ ಕೊಡುವವರು ಅಂಗಡಿಯಲ್ಲಿ ಸಿಕ್ಕಿದ್ದನ್ನ ತರ್ತಾರೆ. ಆಮೇಲೆ ನೋಡಿದರೆ ಅರ್ಧ ಡಬ್ಬಿ +3.50 ಪವರಿನದು, ಬೇಕಾದ +2.00 ಮೊದಲ ದಿನವೇ ಖಾಲಿ. 100 ಕನ್ನಡಕಕ್ಕೆ ಈ ಹಂಚಿಕೆ ಸಾಕಾಗುತ್ತೆ: +1.00 ಹತ್ತು, +1.50 ಇಪ್ಪತ್ತೈದು, +2.00 ಮೂವತ್ತು, +2.50 ಇಪ್ಪತ್ತೈದು, +3.00 ಹತ್ತು. 40 ದಾಟಿದವರಿಗೆ +1.00ರಿಂದ ಶುರು, 50ರ ಹೊತ್ತಿಗೆ +2.00 ಹತ್ತಿರ, 60 ದಾಟಿದರೆ +2.50 ಅಥವಾ +3.00. ವಯಸ್ಸು ಅಂದಾಜಿಗೆ ಮಾತ್ರ, ಕೊನೆಗೆ ಕಣ್ಣೇ ಹೇಳಬೇಕು. 40 ಸೆಂ.ಮೀ. ದೂರದಲ್ಲಿ ಹಿಡಿದು ನೋಡಿ. ಓದಲು ಬರದವರಿಗೆ ಸೂಜಿ-ದಾರ ಕೊಡಿ, ಇಲ್ಲ ತಟ್ಟೆಯಲ್ಲಿ ಅಕ್ಕಿ ಹಾಕಿ ಕಲ್ಲು ಆರಿಸಲು ಹೇಳಿ.

ಆದರೆ ಅದಕ್ಕೂ ಮೊದಲು ದೂರದ ದೃಷ್ಟಿ. 6 ಮೀಟರ್ ಹಗ್ಗ ಅಳೆದು ನೆಲಕ್ಕೆ ಗೆರೆ ಎಳೀರಿ, ಬೆಳಕು ಚಾರ್ಟಿನ ಮೇಲೆ ಬೀಳಲಿ, ರೋಗಿಯ ಮುಖಕ್ಕಲ್ಲ. ಇ ಆಕಾರದ ಚಾರ್ಟ್ ಇಟ್ಟುಕೊಳ್ಳಿ, ಬೆರಳಿನಲ್ಲಿ ದಿಕ್ಕು ತೋರಿಸಿದರೆ ಸಾಕು. ಚಾರ್ಟಿನ 6/18 ಅಂತ ಬರೆದ ಸಾಲು ಕಾಣದಿದ್ದರೆ ಸುಮಾರು 1 ಮಿ.ಮೀ. ತೂತಿರುವ ಕಪ್ಪು ತಟ್ಟೆ ಕಣ್ಣಿಗೆ ಹಿಡಿಸಿ. ತೂತಿನಲ್ಲಿ ಚೆನ್ನಾಗಿ ಕಂಡರೆ ಕನ್ನಡಕದ ನಂಬರಿನ ತೊಂದರೆ. ಆಗಲೂ ಕಾಣದಿದ್ದರೆ ಪೊರೆಯೋ ಒಳಗಿನ ಬೇರೆ ಕಾಯಿಲೆಯೋ ಇರಬಹುದು, ಕಣ್ಣಿನ ವೈದ್ಯರೇ ನೋಡಬೇಕು. ಅಂಥವರ ಕೈಗೆ ಓದೋ ಕನ್ನಡಕ ಕೊಟ್ಟು ಕಳಿಸಿದರೆ ತೊಂದರೆ ಬಗೆಹರೀತು ಅಂದುಕೊಂಡು ಆಸ್ಪತ್ರೆಗೇ ಹೋಗಲ್ಲ. ಇದು ಉಚಿತ ಕನ್ನಡಕದಿಂದ ಆಗುವ ದೊಡ್ಡ ಹಾನಿ. ಶುಗರ್ ತುಂಬ ಏರಿರುವವರಿಗೂ ಆ ದಿನ ನಂಬರ್ ನೋಡಿ ಪ್ರಯೋಜನ ಇಲ್ಲ, ಶುಗರ್ ಹತೋಟಿಗೆ ಬಂದ ಮೇಲೆ ನಂಬರ್ ಬದಲಾಗುತ್ತೆ.

ಈಗ ಕಂಬಳಿ ವಿಷಯ. ಒಂದಕ್ಕೆ 300 ಅಂದರೂ 60 ಕಂಬಳಿಗೆ 18,000. ಪೊರೆ ಶಸ್ತ್ರಚಿಕಿತ್ಸೆಗೆ ಸರ್ಕಾರಿ ಯೋಜನೆಗಳಿವೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗ ಇದೆ. ತಡೆಯಾಗೋದು ಬಸ್ ಚಾರ್ಜು, ಜೊತೆಗೆ ಬರುವವರ ಒಂದು ದಿನದ ಕೂಲಿ. ಶಸ್ತ್ರಚಿಕಿತ್ಸೆಯ ಮಾರನೇ ದಿನ, ಒಂದು ವಾರಕ್ಕೆ, ತಿಂಗಳು-ಒಂದೂವರೆ ತಿಂಗಳಿಗೆ ಮತ್ತೆ ತೋರಿಸಬೇಕು. ಕಣ್ಣಿನ ಹನಿ ಔಷಧಿ ವಾರಗಟ್ಟಲೆ ಹಾಕಬೇಕು. ಆ 18,000 ಇದಕ್ಕೆ ಇಟ್ಟರೆ ಎಷ್ಟೋ ಜನಕ್ಕೆ ದೃಷ್ಟಿ ಮರಳಿ ಬರುತ್ತೆ. ಕಂಬಳಿ ಕೊಡಬೇಕು ಅಂದವರಿಗೆ ಇದನ್ನ ಪ್ರೀತಿಯಿಂದ ಕೂರಿಸಿ ಹೇಳಿ, ಖಂಡಿತ ಒಪ್ತಾರೆ.

ಹತ್ತಿಹೊಲ
ನಾವು ಸುರಪುರ ಕಡಿಯವರೇ. ಮೊದಲ ಮಾತು, ಡಿಸೆಂಬರ್‌ದಾಗ ಹತ್ತಿ ಬಿಡಿಸೂ ಕೆಲಸ ಇರ್ತದ, ತೊಗರಿ ಕೊಯ್ಲೂ ಹತ್ತಿರ ಬಂದಿರ್ತದ. ಬೆಳಿಗ್ಗೆ 10ಕ್ಕ ಟೇಬಲ್ ಹಾಕಿ ಕುಂತ್ರ ಊರಾಗ ಯಾರೂ ಇರಂಗಿಲ್ಲ, ಹೊಲಕ್ಕ ಹೋಗಿರ್ತಾರ. 7ರಿಂದ 9, ಆಮ್ಯಾಲ ಸಂಜಿ 5ರಿಂದ 8 ಇಡ್ರಿ. ಸಂಜಿಗಿ ಲೈಟ್ ಬೇಕು, ಕರೆಂಟ್ ನಂಬಬ್ಯಾಡ್ರಿ, ಚಾರ್ಜ್ ಆಗೂ ದೀಪ ತರ್ರಿ. ಸಂತಿ ದಿನ ಯಾವುದು ಅಂತ ಕೇಳಿಕೊಂಡು ಬರ್ರಿ.

ಎರಡನೇದು. ನೀವು 30 ಮಂದಿ ಬರ್ತೀರಿ ಅಂದ್ರ ಊರಾಗಿನ ಸಣ್ಣ ಸಭಿಯವರು ತಮ್ಮ ಮನಿ ಖಾಲಿ ಮಾಡಿ ಕೊಡ್ತಾರ, ಹೆಣ್ಮಕ್ಕಳು ನಸುಕಿನಾಗೆದ್ದು ರೊಟ್ಟಿ ಬಡೀತಾರ, ಕೂಲಿ ಬಿಟ್ಟು ನಿಮ್ಮ ಜೋಡಿ ನಿಲ್ತಾರ. ಉದಾರತೆ ಅಂದ್ರ ಅಲ್ಲಿ ನೋಡ್ರಿ. ನಿಮ್ಮ ಪಟ್ಟಿಯಾಗ ಅವರ ಹೆಸರೇ ಇರಂಗಿಲ್ಲ. ಅವರು ರೊಕ್ಕ ಮುಟ್ಟಂಗಿಲ್ಲ, ಕೇಳಿದ್ರ ಬ್ಯಾಸರ ಮಾಡ್ಕೋತಾರ. ಅದಕ್ಕ ಮುಂಚಿತನೇ ಜ್ವಾಳ, ಬ್ಯಾಳಿ, ಎಣ್ಣಿ ಕಳಿಸಿಬಿಡ್ರಿ, ಹೊತ್ತಿಗಿ ಸಿಲಿಂಡರ್ ತುಂಬಿಸಿ ಕೊಡ್ರಿ. ಹೋಗೂ ಮುಂದ ಉಳಿದ ರೇಷನ್ ವಾಪಸ್ ಒಯ್ಯಬ್ಯಾಡ್ರಿ.

ಸಂಜೆಗಂಟೆ
@ಹತ್ತಿಹೊಲ ಇದನ್ನ ನಾವು ಯೋಚನೇನೇ ಮಾಡಿರಲಿಲ್ಲ, ಸಮಯ ಬದಲಾಯಿಸ್ತೀವಿ. ಅಡುಗೆಗೆ 30 ಜನ ಜೊತೆಗೆ ಊರಿನವರು ಹತ್ತು ಅಂದರೆ ಏನೇನು ಕಳಿಸಬೇಕು?

ದೊಡ್ಡಪಾತ್ರೆ
40 ಜನಕ್ಕೆ ಒಂದು ಹೊತ್ತಿನ ಲೆಕ್ಕ ಬರ್ಕೊಳ್ಳಿ. ಬರೀ ಅನ್ನ ಸಾರಾದರೆ ತಲಾ 100 ಗ್ರಾಂ ಅಕ್ಕಿ, ಒಟ್ಟು 4 ಕೆಜಿ, ಯುವಕರು ಜಾಸ್ತಿ ಇದ್ದರೆ 5. ರೊಟ್ಟಿ ಇದ್ದರೆ ಅಕ್ಕಿ ಎರಡೂವರೆ ಕೆಜಿಗೆ ಇಳಿಸಿ. ತಲಾ ಎರಡು ರೊಟ್ಟಿಗೆ 80 ರೊಟ್ಟಿ, ಜೋಳದ ಹಿಟ್ಟು ಸುಮಾರು 6 ಕೆಜಿ. ತೊಗರಿಬೇಳೆ 1.6 ಕೆಜಿ, ತರಕಾರಿ 4ರಿಂದ 5 ಕೆಜಿ, ಎಣ್ಣೆ ಅರ್ಧ ಲೀಟರ್‌ಗೆ ಸ್ವಲ್ಪ ಮೇಲೆ. ಬೆಳಗಿನ ಉಪ್ಪಿಟ್ಟಿಗೆ ರವೆ 2.8 ಕೆಜಿ. ಒಂದು ಸಲದ ಟೀಗೆ ಹಾಲು ಎರಡೂವರೆ ಲೀಟರ್.

ಕುಡಿಯೋ ನೀರು ತಲಾ 4 ಲೀಟರ್, ಅಂದರೆ ದಿನಕ್ಕೆ 20 ಲೀಟರಿನ ಕ್ಯಾನ್ 8. ಇದರಲ್ಲಿ ತಪಾಸಣೆಗೆ ಬಂದವರ ನೀರು ಸೇರಿಲ್ಲ, ಅವರಿಗೆ ಇನ್ನೂ ನಾಲ್ಕು ಕ್ಯಾನ್ ಇಡಿ. ಟ್ಯಾಂಕ್ ನೀರು ಬಳಸುವುದಾದರೆ 1,000 ಲೀಟರ್ ತಿಳಿನೀರಿಗೆ 2.5 ಗ್ರಾಂ ಹೊಸ ಬ್ಲೀಚಿಂಗ್ ಪುಡಿ. ಬಕೆಟ್‌ನಲ್ಲಿ ಕಲಸಿ, ಗಸಿ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹಾಕಿ ಅರ್ಧ ಗಂಟೆ ಬಿಡಿ. ತೆರೆದಿಟ್ಟ ಹಳೇ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತೆ, ಅದನ್ನ ಹಾಕಿ ನೆಮ್ಮದಿಯಾಗಿ ಇರಬೇಡಿ.

ಮತ್ತೆ ಒಂದು ಮಾತು: ಅಡುಗೆಮನೆ, ಪಾತ್ರೆ ಕೆಲಸ ಯಾವಾಗಲೂ ಅದೇ ಇಬ್ಬರು ಮೂವರು ಹೆಂಗಸರ ಮೇಲೆ ಬೀಳುತ್ತೆ, ಅವರು ಬೇಡ ಅನ್ನಲ್ಲ. ಸರದಿ ಬರೆದು ಗೋಡೆಗೆ ಅಂಟಿಸಿ, ಗಂಡಸರ ಹೆಸರೂ ಪಾಸ್ಟರ್ ಹೆಸರೂ ಅದರಲ್ಲಿರಲಿ.

ಮಾತ್ರೆಪೊಟ್ಟಣ
ಮನೆಯಲ್ಲಿ ಮಿಕ್ಕಿದ ಮಾತ್ರೆ ವಿಷಯ ಯಾರೂ ಹೇಳಿಲ್ಲ. ದಯವಿಟ್ಟು ಇವತ್ತೇ ನಿಲ್ಲಿಸಿ. ಕತ್ತರಿಸಿದ ಸ್ಟ್ರಿಪ್‌ನಲ್ಲಿ ಅವಧಿ ಮುಗಿಯುವ ದಿನಾಂಕ, ಬ್ಯಾಚ್ ಸಂಖ್ಯೆ ಇರಲ್ಲ. ಯಾವ ಬಿಸಿಲಲ್ಲಿ, ಯಾವ ಅಡುಗೆಮನೆ ಕಪಾಟಿನಲ್ಲಿ ಇತ್ತೋ ಗೊತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಔಷಧ ದಾನದ ಮಾರ್ಗಸೂಚಿಯೇ ರೋಗಿಗಳಿಗೆ ಕೊಟ್ಟು ಮಿಕ್ಕ ಔಷಧಿ ದಾನಕ್ಕೆ ಬೇಡ ಅನ್ನುತ್ತೆ, ದಾನದ ಔಷಧಿ ಕೈಸೇರುವಾಗ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು ಅನ್ನುತ್ತೆ. ಬಿಪಿ ಮಾತ್ರೆ ಹತ್ತು ದಿನಕ್ಕೆ ಕೊಟ್ಟು ಬಂದರೆ ಹನ್ನೊಂದನೇ ದಿನ ಏನು? ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ಮಾತ್ರೆ ಸಿಗುತ್ತೆ ಅಂತ ಕೇಳಿ, ಅಲ್ಲಿನ ವೈದ್ಯರ ಮೂಲಕ ಅದೇ ಶುರುವಾಗಲಿ.

ಆ ವ್ಯಕ್ತಿಗೆ ಬೈಯಬೇಡಿ. ಅದೇ ಕಾಳಜಿಯಲ್ಲಿ ಓಆರ್‌ಎಸ್ ಪೊಟ್ಟಣ, ಹತ್ತಿ, ಸ್ಪಿರಿಟ್, ಕೈಗವಸು, ಗ್ಲೂಕೋಮೀಟರ್ ಪಟ್ಟಿ ತರಲು ಹೇಳಿ. ಪಟ್ಟಿಯ ಡಬ್ಬಿ ತೆರೆದ ಮೇಲೆ ಹಲವು ಕಂಪನಿಯವು ಮೂರು ತಿಂಗಳಷ್ಟೇ ಬಾಳೋದು. ಬಿಸಿಲಿಗೆ ಇಟ್ಟ ವ್ಯಾನಿನಲ್ಲಿ ಬಿಟ್ಟರೆ ಅದಕ್ಕೂ ಮುಂಚೆ ಹಾಳು.

ಬಿಳಿಯಂಗಿ
ನರ್ಸ್ ಒಬ್ಬರೇ ಇದ್ದರೆ ಅವರನ್ನ ಕಾಪಾಡಿಕೊಳ್ಳಿ. ಉದಾರಿಗಳು ತಾವಾಗಿ ಕೂರಲ್ಲ, ಎಬ್ಬಿಸಿ ಕೂರಿಸಬೇಕು. ಬಿಪಿ ನೋಡೋದನ್ನ ನಾಲ್ಕು ಜನಕ್ಕೆ ಹೊರಡುವ ಮುಂಚೆಯೇ ಕಲಿಸಿ. ಡಿಜಿಟಲ್ ಯಂತ್ರ ಇದ್ದರೂ ಕಲಿಯೋದಿದೆ: ಐದು ನಿಮಿಷ ಕೂತಿರಬೇಕು, ಅರ್ಧ ಗಂಟೆಯಲ್ಲಿ ಚಹಾ, ಬೀಡಿ, ತಂಬಾಕು ಆಗಿರಬಾರದು, ಬೆನ್ನಿಗೆ ಆಸರೆ, ಕಾಲು ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಮಾತಾಡಿಸಬಾರದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ತೋರಿಸುತ್ತೆ, ಎರಡು ಅಳತೆಯ ಪಟ್ಟಿ ಇರಲಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ. 140/90 ದಾಟಿದರೆ ಆರೋಗ್ಯ ಕೇಂದ್ರಕ್ಕೆ ಚೀಟಿ, 180/120 ಮೇಲಿದ್ದರೆ ಅವತ್ತೇ ವೈದ್ಯರ ಹತ್ತಿರ. ಎದೆನೋವು, ಉಸಿರು ಕಟ್ಟೋದು, ಕೈಕಾಲು ಸೋಲೋದು ಏನಾದರೂ ಇದ್ದರೆ 108.

ಶುಗರ್ ನೋಡುವ ಮುಂಚೆ ಕೈ ತೊಳೆಸಿ. ಬೆಲ್ಲ, ಬಾಳೆಹಣ್ಣು ಮುಟ್ಟಿದ ಬೆರಳು ಸುಳ್ಳು ಲೆಕ್ಕ ಕೊಡುತ್ತೆ. ಸ್ಪಿರಿಟ್ ಆರಿದ ಮೇಲೆ ಚುಚ್ಚಿ. ಒಬ್ಬರಿಗೆ ಒಂದೇ ಸೂಜಿ, ಅದು ಬಿಳಿ ಗಟ್ಟಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಶಿಬಿರಗಳಿಗೂ ಅನ್ವಯಿಸುತ್ತೆ, ಊರ ಹೊರಗೆ ಸುಟ್ಟು ಬರೋ ಹಾಗಿಲ್ಲ. ಆರೋಗ್ಯ ಕೇಂದ್ರದ ಜೊತೆ ಮೊದಲೇ ಮಾತಾಡಿ ಅಲ್ಲಿಗೇ ಒಪ್ಪಿಸಿ. ತಾಲ್ಲೂಕು ಆರೋಗ್ಯಾಧಿಕಾರಿಗೂ ಪಂಚಾಯಿತಿಯ ಪಿಡಿಒಗೂ ಮುಂಚಿತವಾಗಿ ಪತ್ರ ಕೊಟ್ಟಿದ್ದೀರಿ ತಾನೆ?

ಸಂಜೆಗಂಟೆ
ಆರೋಗ್ಯಾಧಿಕಾರಿಗೆ ಕೊಟ್ಟಿದೀವಿ, ಪಿಡಿಒಗೆ ಈ ವಾರ. ಇನ್ನೊಂದು ಪ್ರಶ್ನೆ. ದುಬೈನಲ್ಲಿರುವ ತಂಡದವರ ಅಣ್ಣ, ಅಮೆರಿಕದಲ್ಲಿ ಪೌರತ್ವ ಪಡೆದ ಇನ್ನೊಬ್ಬರು, ಇಬ್ಬರೂ ಹಣ ಕಳಿಸ್ತೀವಿ ಅಂತಿದ್ದಾರೆ. ತಗೋಬಹುದಾ?

ಲೆಕ್ಕದಪುಸ್ತಕ
ದುಬೈ ಅಣ್ಣ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ, ಪಾಸ್‌ಪೋರ್ಟ್ ಪ್ರತಿ ಕಡತದಲ್ಲಿ ಇಡಿ. ಅಮೆರಿಕದವರು ವಿದೇಶಿ ಪೌರರು, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡೋದು) ಇದ್ದರೂ ವಿದೇಶಿ ಮೂಲವೇ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲದ ಸಭೆ ಅದನ್ನ ತಗೊಳ್ಳೋ ಹಾಗಿಲ್ಲ. ನೋಂದಣಿ ಇರುವ ಸಂಸ್ಥೆಯೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು, 2020ರ ತಿದ್ದುಪಡಿ ಆದ ಮೇಲೆ ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಯಾರದೋ ವೈಯಕ್ತಿಕ ಖಾತೆಗೆ ತರಿಸಿ ಶಿಬಿರಕ್ಕೆ ಖರ್ಚು ಮಾಡೋ ಯೋಚನೆ ಬೇಡವೇ ಬೇಡ. ಅವರು ಕೊಡಲೇಬೇಕು ಅಂದರೆ ನೋಂದಣಿ ಇರುವ ಯಾವುದಾದರೂ ಮಿಷನ್ ಆಸ್ಪತ್ರೆಗೆ ನೇರವಾಗಿ ಕೊಡಲಿ.

ಮೂಡಣಬೆಳಕು
ಎಲ್ಲರೂ ದುಡ್ಡು, ಮಾತ್ರೆ, ರೊಟ್ಟಿ ಅಂತಿದ್ದೀರಿ. ನಾವು ಹೋಗೋದು ಸುವಾರ್ತೆಗಾಗಿ ಅಲ್ವಾ? ಕನ್ನಡಕ ತಗೊಂಡವರಿಗೆ ಒಂದು ಪ್ರಾರ್ಥನೆ ಮಾಡಿ ಕಳಿಸೋದರಲ್ಲಿ ತಪ್ಪೇನು?

ಕಂಕನಾಡಿಗಾಳಿ
ಕ್ಯೂನಲ್ಲಿ ನಿಂತವರಿಗೆ ಬೇಡ ಅನ್ನುವ ಸ್ವಾತಂತ್ರ್ಯ ಎಲ್ಲಿದೆ ಹೇಳಿ? ಕನ್ನಡಕ ಬೇಕಾದವರು ತಲೆ ಆಡಿಸ್ತಾರೆ. ಶರತ್ತಿನ ಜೊತೆ ಬಂದದ್ದು ಕೊಡುಗೆ ಆಗಲ್ಲ. ಕಾನೂನಿನ ಕಡೆಯಿಂದಲೂ ನೋಡಿ, ರಾಜ್ಯದಲ್ಲಿ 2022ರ ಮತಾಂತರ ಕಾಯ್ದೆಯ ಆಮಿಷದ ವ್ಯಾಖ್ಯೆಯಲ್ಲಿ ಉಡುಗೊರೆಯೂ ಸೇರಿತ್ತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನ ರದ್ದು ಮಾಡಲು ತೀರ್ಮಾನಿಸಿತು. ಕಾಯ್ದೆ ಇರಲಿ ಬಿಡಲಿ, ತಪಾಸಣೆ ಜಾಗದಲ್ಲಿ ಕರಪತ್ರ, ಭಾಷಣ ಬೇಡ.

ಮೂಡಣಬೆಳಕು
ಹಾಗಾದರೆ ಬಾಯಿ ಮುಚ್ಚಿಕೊಂಡು ಇರಬೇಕಾ? ಕಾಯಿಲೆಯವರು ತಾವಾಗೇ ಪ್ರಾರ್ಥನೆ ಕೇಳಿದರೆ?

ಕಂಕನಾಡಿಗಾಳಿ
ಅವರಾಗಿ ಕೇಳಿದರೆ ಮಾಡಿ, ಪಕ್ಕಕ್ಕೆ ಕರೆದು, ಸಣ್ಣ ದನಿಯಲ್ಲಿ, ಟೇಬಲ್ ಮುಂದೆ ಅಲ್ಲ. ತಂಡದ ಪ್ರಾರ್ಥನೆ ಬೆಳಿಗ್ಗೆ ಸಂಜೆ ಇದ್ದೇ ಇರುತ್ತೆ. ವೆಲ್ಲೂರಿನ ಕ್ರೈಸ್ತ ಆಸ್ಪತ್ರೆ ಸಿಎಂಸಿಯನ್ನೇ ನೋಡಿ, 1900ರಲ್ಲಿ ಮಿಷನರಿ ವೈದ್ಯೆ ಐಡಾ ಸ್ಕಡರ್ ಒಂದು ಹಾಸಿಗೆಯಿಂದ ಶುರು ಮಾಡಿದ್ದು, ಆಮೇಲೆ ಹಳ್ಳಿ ದಾರಿಗಳ ಬದಿಯಲ್ಲಿ ಚಿಕಿತ್ಸೆ ಕೊಡುತ್ತಾ ಹೋದರು. ಅದರ ಧ್ಯೇಯವಾಕ್ಯದ ಅರ್ಥವೇ ಸೇವೆ ಮಾಡಿಸಿಕೊಳ್ಳಲು ಅಲ್ಲ, ಸೇವೆ ಮಾಡಲು ಅಂತ.

ಮೂಡಣಬೆಳಕು
ಪಕ್ಕಕ್ಕೆ ಕರೆದು ಮಾಡೋದು ಒಪ್ತೀನಿ.

ಹತ್ತಿಹೊಲ
ಇಲ್ಲಿ ಒಂದು ಸೇರಸ್ತೀನಿ. ಕಂಬಳಿ ಬರೇ ಸಭಿಯವರಿಗೇ ಕೊಟ್ಟು ಹೋಗಬ್ಯಾಡ್ರಿ. ನೀವು ಹ್ವಾದ ಮ್ಯಾಲೆ ಊರಾಗ ಅವರೇ ಬದುಕಬೇಕು, ಮಾತು ಅವರೇ ಕೇಳಬೇಕು. ಡಿಸೆಂಬರ್ ರಾತ್ರಿ ಥಂಡಿ ಇರ್ತದ, ಇಲ್ಲ ಅನ್ನಂಗಿಲ್ಲ. ಒಬ್ಬರೇ ಇರೂ ಮುದುಕರು ಯಾರು ಅಂತ ಆಶಾ ಕಾರ್ಯಕರ್ತಿಗಿ ಗೊತ್ತಿರ್ತದ, ಯಾವ ಜಾತಿ, ಯಾವ ಧರ್ಮ ಅಂತ ನೋಡದೆ ಆಕಿ ಹೇಳಿದ ಮನಿಗಿ ಹತ್ತೋ ಹದಿನೈದೋ ಕೊಡ್ರಿ. ಫೋಟೋ ಹೊಡಕೋಬ್ಯಾಡ್ರಿ.

ಪಿನ್‌ಹೋಲ್
@ಹತ್ತಿಹೊಲ ಇದು ನನ್ನ ಲೆಕ್ಕಕ್ಕಿಂತ ಒಳ್ಳೆಯದು. ಹದಿನೈದು ಕಂಬಳಿ, ಉಳಿದ ಹಣ ಮರುಭೇಟಿಗೆ.

ಚಿಣ್ಣರಬೆಂಚು
ಫೋಟೋ ಮಾತು ಬಂತಲ್ಲ, ಮಕ್ಕಳ ವಿಷಯ ಬರೆದು ಎಲ್ಲರಿಂದ ಸಹಿ ಹಾಕಿಸಿ. ತಂದೆ ತಾಯಿ ಒಪ್ಪದೆ ಮಕ್ಕಳ ಫೋಟೋ ಇಲ್ಲ. ಯಾವ ಸ್ವಯಂಸೇವಕರೂ ಒಂಟಿ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಬಾರದು, ಯಾವಾಗಲೂ ಇಬ್ಬರು ದೊಡ್ಡವರು. ಒಂದು ಮಗುವಿಗೆ ಗುಟ್ಟಾಗಿ ದುಡ್ಡು, ಮೊಬೈಲ್, ಉಡುಗೊರೆ ಕೊಡೋದು ಎಷ್ಟೇ ಪ್ರೀತಿಯದಾದರೂ ಇಲ್ಲ. ಕೊಡಬೇಕಾದರೆ ಶಾಲೆಗೆ, ಮುಖ್ಯ ಶಿಕ್ಷಕರ ಕೈಗೆ.

ಮಂಜುಗುಡ್ಡ
ಸ್ವಲ್ಪ ಬೇರೆ ಕಡೆ ಹೋಗ್ತೀನಿ, ಕ್ಷಮಿಸಿ. ಕೊಡೋಕೆ ಏನೂ ಇಲ್ಲ ಅನ್ನುವವರ ವಿಷಯಕ್ಕೆ ಮಿಜೋರಾಂ ಸಭೆಗಳನ್ನ ನೋಡಬೇಕು. ಅಲ್ಲಿ 1910ರಿಂದ ಬುಹ್‌ಫಾಯ್ ಥಾಮ್ ಅಂತ ಇದೆ. ಅನ್ನಕ್ಕಿಡುವ ಮುಂಚೆ ಮನೆಯ ಹೆಂಗಸರು ಒಂದು ಹಿಡಿ ಅಕ್ಕಿ ಬೇರೆ ತೆಗೆದಿಡ್ತಾರೆ, ಅದನ್ನ ಒಟ್ಟು ಮಾಡಿ ಮಾರಿ ಸಭೆಯ ಕೆಲಸಕ್ಕೆ. ಒಂದು ಹಿಡಿ ತೆಗೆದರೆ ಯಾರ ಊಟಕ್ಕೂ ಕಡಿಮೆಯಾಗಲ್ಲ, ಬಡ ಮನೆಯೂ ಸೇರಬಹುದು. ಶತಮಾನ ದಾಟಿ ನಡೀತಾ ಇದೆ. ನಿಮ್ಮ ಸಭೆಯಲ್ಲೂ ಈಗಿಂದ ಡಿಸೆಂಬರ್ ತನಕ ಹಿಡಿ ಅಕ್ಕಿ, ಹಿಡಿ ಬೇಳೆ ಮಾಡಿದರೆ ಶಿಬಿರದ ರೇಷನ್ ಅಲ್ಲೇ ಆಗಬಹುದು. ಒಂದೇ ಜಾತಿ ಅಕ್ಕಿ ಆಗಿರಲಿ, ಬೆರಕೆಯಾದರೆ ಒಂದು ಬೆಂದು ಇನ್ನೊಂದು ಗಟ್ಟಿ ಉಳಿಯುತ್ತೆ.

ದೊಡ್ಡಪಾತ್ರೆ
ಸೋನಾಮಸೂರಿ ಅಂತ ಹೇಳಿಬಿಡಿ. ಹುಳ ಬರದಂತೆ ಒಣ ಬೇವಿನೆಲೆ ಹಾಕಿ.

ನೌಕೆಯದೀಪ
ತಮ್ಮ ಖರ್ಚು ತಾವೇ ಹಾಕಿಕೊಂಡು ಸೇವೆ ಮಾಡೋದಕ್ಕೆ ದೊಡ್ಡ ಮಾದರಿ ಬೇಕಾದರೆ ಮರ್ಸಿ ಶಿಪ್ಸ್ ಇದೆ, 1978ರಲ್ಲಿ ಶುರುವಾದ ಕ್ರೈಸ್ತ ಆಸ್ಪತ್ರೆ ಹಡಗು. ಆಫ್ರಿಕದ ಬಂದರುಗಳಲ್ಲಿ ನಿಂತು ಉಚಿತ ಶಸ್ತ್ರಚಿಕಿತ್ಸೆ ಮಾಡುತ್ತೆ. ಶಸ್ತ್ರವೈದ್ಯರಿಂದ ಅಡುಗೆಯವರ ತನಕ ಹೆಚ್ಚಿನವರು ಸ್ವಯಂಸೇವಕರು, ತಮ್ಮ ಖರ್ಚು ತಾವೇ ನೋಡ್ಕೊಳ್ತಾರೆ. ಅಲ್ಲೂ ಎಲ್ಲರ ಹತ್ತಿರ ಹಣ ಇರಲ್ಲ, ಸಭೆಯವರು, ಗೆಳೆಯರು ಸೇರಿ ಕಳಿಸ್ತಾರೆ. ಕಳಿಸಿದವರೂ ಆ ಕೆಲಸದಲ್ಲಿ ಪಾಲುದಾರರೇ.

ತುಂಗೆತೀರ
ರೈಲೋ ಬಸ್ಸೋ? ರೈಲಾದರೆ ಉದ್ಯಾನ್ ಅಥವಾ ಕರ್ನಾಟಕ ಎಕ್ಸ್‌ಪ್ರೆಸ್, ಎರಡೂ ಯಾದಗಿರಿಯಲ್ಲಿ ನಿಲ್ಲುತ್ತೆ. ಒಂದು ಟಿಕೆಟ್‌ನಲ್ಲಿ ಆರೇ ಜನ, 30 ಜನಕ್ಕೆ ಐದು ಟಿಕೆಟ್ ಆಗುತ್ತೆ, ಬೇರೆ ಬೇರೆ ಬೋಗಿ ಬೀಳಬಹುದು. ಪ್ರತಿ ಆರರಲ್ಲೂ ಒಬ್ಬ ಹಿರಿಯರು, ಒಬ್ಬ ಗಟ್ಟಿಯಾದ ಹುಡುಗ ಇರೋ ಹಾಗೆ ಹಂಚಿ. ಕೆಳಗಿನ ಬರ್ತ್ ವಯಸ್ಸಾದವರಿಗೆ ಅಂತ ಮೊದಲೇ ಬರೆದುಬಿಡಿ, ಅವರು ಬಾಯಿಬಿಟ್ಟು ಕೇಳಲ್ಲ. ಕನ್ನಡಕದ ಡಬ್ಬಿ, ಗ್ಲೂಕೋಮೀಟರ್ ಲಗೇಜಿನ ಅಡಿಗೆ ಹೋಗಬಾರದು.

ಸಂಜೆಗಂಟೆ
ಪಟ್ಟಿ ತೆಗೆಸಿದೆವು. ಕಂಬಳಿಯವರ ಜೊತೆ ಮಾತಾಡಿದೆ, ಹದಿನೈದು ಕಂಬಳಿ, ಉಳಿದದ್ದು ಮರುಭೇಟಿ ಬಸ್ ಚಾರ್ಜಿಗೆ ಅಂದ ಕೂಡಲೇ ಒಪ್ಪಿದರು, ಮೇಲೆ ಸ್ವಲ್ಪ ಸೇರಿಸಿ ಕೊಡ್ತೀನಿ ಅಂದರು. ಹಿಂದೆ ಸರಿದ ಇಬ್ಬರ ಹತ್ತಿರ ಏನು ಹೇಳಲಿ? ದುಡ್ಡು ಬೇರೆಯವರು ಕಟ್ತಾರೆ ಅಂದರೆ ಬೇಸರ ಮಾಡ್ಕೊಳ್ಳಬಹುದು.

ಬೆಟಗೇರಿಬಯಲು
ದುಡ್ಡಿನ ಮಾತೇ ಎತ್ತಬ್ಯಾಡ್ರಿ. "ಲಕೋಟಿ ಪದ್ಧತಿ ಮಾಡೇವಿ, ನೀವಿಲ್ಲದ ಈ ಕೆಲಸ ಆಗೂದಿಲ್ಲ" ಅಂತ ಕೆಲಸದ ಹೆಸರು ಹಿಡಿದು ಕರೀರಿ. ಅವರಿಗೆ ಏನು ಬರ್ತದ?

ಸಂಜೆಗಂಟೆ
ಒಬ್ಬರು ಕೊರಿಯರ್ ಕೆಲಸ, ಮೂಲ ರಾಯಚೂರು. ಇನ್ನೊಬ್ಬರು ಹೊಲಿಗೆ.

ಪಿನ್‌ಹೋಲ್
ರಾಯಚೂರಿನವರು ನೋಂದಣಿ ಟೇಬಲ್‌ಗೆ ಬೇಕೇ ಬೇಕು. ಬೆಂಗಳೂರಿನ ಹುಡುಗರ ಪ್ರಶ್ನೆ ಆ ಕಡೆಯ ಅಜ್ಜಿಯರಿಗೆ ಅರ್ಥ ಆಗೋದು ಕಷ್ಟ, ಅಲ್ಲಿ ಹೆಸರು ವಯಸ್ಸು ತಪ್ಪಾದರೆ ಮುಂದಿನ ಎಲ್ಲ ಚೀಟಿಯೂ ತಪ್ಪು. ಚೀಟಿ ಎರಡು ಪ್ರತಿ ಬರೀಬೇಕು, ಒಂದು ರೋಗಿಗೆ, ಇನ್ನೊಂದು ಆರೋಗ್ಯ ಕೇಂದ್ರಕ್ಕೆ. ಆಸ್ಪತ್ರೆಗೆ ಹೋಗಬೇಕಾದವರ ಪಟ್ಟಿ, ಅವರ ಒಪ್ಪಿಗೆ ಕೇಳಿ, ಆಶಾ ಕಾರ್ಯಕರ್ತಿಗೆ ಕೊಡಬೇಕು. ಆಕೆಯ ಓಡಾಟದ ಖರ್ಚೂ ಆ ಮರುಭೇಟಿ ಹಣದಲ್ಲಿ ಸೇರಿಸಿ.

ಹೊಲಿಗೆಯವರಿಗೆ ಕೆಲಸ ಈಗಲೇ ಇದೆ. ಕನ್ನಡಕ ಇಡೋಕೆ ಬಟ್ಟೆ ಚೀಲ, 18 ಸೆಂ.ಮೀ. ಉದ್ದ, 9 ಅಗಲ, ಮೆತ್ತನೆ ಹತ್ತಿ ಬಟ್ಟೆ, ಬಾಯಿಗೆ ದಾರ. ಚೀಲ ಇಲ್ಲದಿದ್ದರೆ ಜೇಬಲ್ಲಿ, ಸೆರಗಲ್ಲಿ ಕಟ್ಟಿ ಗಾಜು ಬೇಗ ಗೀರಿಹೋಗುತ್ತೆ. ಪ್ರತಿ ಪವರ್‌ಗೆ ಒಂದು ಬಣ್ಣದ ದಾರ ಹಾಕಲಿ, ಕತ್ತಲಾದ ಮೇಲೂ ಹಂಚುವವರಿಗೆ ತಪ್ಪಲ್ಲ. ಬಟ್ಟೆ ಹೊಸದೇ ಆಗಿರಲಿ, ಹೊಲಿಯುವ ಮುಂಚೆ ಒಮ್ಮೆ ಒಗೆದು ಗಂಜಿ ತೆಗೆಯಿರಿ.